"ಹೋಗತೈತಿ" ಎಂಬ ಉತ್ತರ

ನಮ್ಮ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಫೋನು ಮಾಡಿ, "ಬ್ರದರ್, ನರ್ಸಿಂಗ್‌ಗೆ ಹೊಸ ಮಕ್ಕಳು ಬಂದಾರ್ರಿ. ಪುಸ್ತಕದಾಗ ಇಲ್ಲದ್ದು ನಾಕ ಮಾತು ಬರದ ಕೊಡ್ರಿ" ಎಂದು ಕೇಳಿ ಆರು ತಿಂಗಳಾಯಿತು. ಬರೆಯಲು ಕೂತಾಗಲೆಲ್ಲ ಏನೋ ನೆಪ ತೆಗೆದು ಎದ್ದುಬಿಟ್ಟಿದ್ದೇನೆ. ಕಾರಣ ನನಗೆ ಗೊತ್ತು. ಗುರುಪಾದಪ್ಪ ಮಾಸ್ತರ ವಿಷಯ ಬಿಟ್ಟು ಬರೆದರೆ ಅದು ಸುಳ್ಳು ಬರಹವಾಗುತ್ತದೆ. ಅವರ ವಿಷಯ ಬರೆಯಲು ಕೈ ಏಳುವುದಿಲ್ಲ. ಇವತ್ತು ಏನಾದರಾಗಲಿ, ಮುಗಿಸಿಯೇ ಏಳುವುದೆಂದು ಕೂತಿದ್ದೇನೆ.

ನಾನು ಯಲ್ಲಪ್ಪ, ಹೆಬ್ಬಳ್ಳಿಯವನು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದರ ಗಂಡಸರ ಮೂತ್ರರೋಗ ವಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದೆ. ಗಂಡಸು ನರ್ಸನ್ನು ಆಸ್ಪತ್ರೆಯಲ್ಲಿ 'ಬ್ರದರ್' ಎನ್ನುತ್ತಾರೆ. ಹಳ್ಳಿಯಿಂದ ಬಂದ ಅಜ್ಜಂದಿರು ಅದನ್ನು 'ಭದ್ರಪ್ಪ' ಎಂದು ಕೇಳಿಸಿಕೊಂಡು, ಹೋಗುವವರೆಗೂ ಭದ್ರಪ್ಪ ಎಂದೇ ಕರೆದದ್ದುಂಟು. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ನಿಮಗೆ ಬೇಕಿಲ್ಲ. ನಿವೃತ್ತನಾಗಿ ಎರಡು ವರ್ಷವಾಯಿತು. ನನಗೂ ಈಗ ಪ್ರಾಸ್ಟೇಟ್ ಬೆಳೆದಿದೆ, ದಿನಾ ಊಟದ ಮೇಲೆ ಒಂದು ಗುಳಿಗೆ ನುಂಗುತ್ತೇನೆ. ಇಷ್ಟು ವರ್ಷ ಬೇರೆಯವರಿಗೆ ಹೇಳಿದ್ದನ್ನು ಈಗ ನನಗೇ ಹೇಳಿಕೊಳ್ಳುವ ಸರದಿ ಬಂದಿದೆ.

ರೋಗ ಏನೆಂದು ಮೊದಲು ಸರಳವಾಗಿ ಹೇಳಿಬಿಡುತ್ತೇನೆ. ಮೂತ್ರಚೀಲದ ಬಾಯಿಯ ಕೆಳಗೆ, ಮೂತ್ರ ಹೊರಬರುವ ನಾಳವನ್ನು ಸುತ್ತುವರಿದು ಗಂಡಸರಿಗೆ ಒಂದು ಗ್ರಂಥಿ ಇದೆ. ಹರೆಯದಲ್ಲಿ ದೊಡ್ಡ ನೆಲ್ಲಿಕಾಯಿಯಷ್ಟು ಇರುತ್ತದೆ. ಐವತ್ತು ದಾಟಿದ ಮೇಲೆ ನಿಧಾನವಾಗಿ ಬೆಳೆಯತೊಡಗುತ್ತದೆ. ಕೆಲವರಲ್ಲಿ ನಿಂಬೆಹಣ್ಣಿನಷ್ಟು, ಕೆಲವರಲ್ಲಿ ಮೋಸಂಬಿಯಷ್ಟು. ಇದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಬೇರೆ, ಅದಿಲ್ಲವೆಂದು ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಳ್ಳಬೇಕು. ಗ್ರಂಥಿ ಬೆಳೆದು ನಾಳವನ್ನು ಒತ್ತಿದಾಗ ತೊಂದರೆ ಶುರು. ಹೋಗಿ ನಿಂತರೂ ತಕ್ಷಣ ಬರುವುದಿಲ್ಲ, ಬಂದರೂ ಸಣ್ಣ ಧಾರೆ, ಮುಗಿಯಿತೆಂದು ತಿರುಗಿದರೆ ಪಂಚೆಗೆ ನಾಲ್ಕು ಹನಿ. ರಾತ್ರಿ ಮೂರು ನಾಲ್ಕು ಸಲ ಏಳಬೇಕು. ಚೀಲ ಪೂರ್ತಿ ಖಾಲಿಯಾಗದೆ ಒಳಗೆ ಉಳಿಯುತ್ತ ಹೋಗುತ್ತದೆ.

ಇಷ್ಟೆಲ್ಲ ಆದರೂ ನಮ್ಮ ಕಡೆಯ ಹಿರಿಯರು ಅದನ್ನು ರೋಗ ಎನ್ನುವುದಿಲ್ಲ. "ಉಷ್ಣ ಆಗೇತ್ರಿ" ಎನ್ನುತ್ತಾರೆ. ಬಾರ್ಲಿ ನೀರು ಕುಡಿಯುತ್ತಾರೆ, ಮೆಂತ್ಯ ನೆನೆಸಿ ತಿನ್ನುತ್ತಾರೆ, ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿಕೊಳ್ಳುತ್ತಾರೆ. ಉಷ್ಣ ಎಂಬ ಮಾತಿನ ಹಿಂದೆ ಎರಡು ವರ್ಷ, ಮೂರು ವರ್ಷ ಅಡಗಿ ಕೂತವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಮೂತ್ರಕ್ಕೂ ಅವರದು ಮುಚ್ಚಿಟ್ಟ ಮಾತೇ. ಶಾಲೆ ಕಲಿತವರು 'ಏಕಿ' ಎನ್ನುತ್ತಾರೆ, ಉಳಿದವರು 'ಒಂದಕ್ಕ' ಎನ್ನುತ್ತಾರೆ, ಸೊಸೆ ಎದುರಿಗಿದ್ದರೆ ಏನೂ ಅನ್ನದೆ ಕಿರುಬೆರಳು ತೋರಿಸುತ್ತಾರೆ. ಪುಸ್ತಕದ ಕನ್ನಡದಲ್ಲಿ "ಮೂತ್ರ ವಿಸರ್ಜನೆ ಸರಿಯಾಗಿದೆಯೇ" ಎಂದು ನೀವು ಕೇಳಿದರೆ ಅವರು ಗಾಬರಿಯಾಗಿ "ಎಲ್ಲಾ ಛಲೋ ಐತ್ರಿ" ಎಂದು ಎದ್ದು ಹೋಗುತ್ತಾರೆ, ನೆನಪಿಡಿ.

ನಾನು ಸೇರಿದ ಮೊದಲ ವರ್ಷದ ತಪ್ಪನ್ನು ಹೇಳುತ್ತೇನೆ, ನೀವು ಮಾಡಬೇಡಿ. ಮೂತ್ರಕ್ಕೆ ಹಾಕುವ ನಳಿಯ ತುದಿಯಲ್ಲಿ ಒಂದು ಚಿಕ್ಕ ಬಲೂನು ಇರುತ್ತದೆಯಲ್ಲ, ನಳಿ ಮೂತ್ರಚೀಲ ಮುಟ್ಟಿ, ಮೂತ್ರ ಹರಿದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಅದಕ್ಕೆ ನೀರು ತುಂಬಬೇಕು. ನಾನು ಅವಸರ ಮಾಡಿ ನಳಿ ಇನ್ನೂ ನಾಳದಲ್ಲಿರುವಾಗಲೇ ತುಂಬಿಬಿಟ್ಟೆ. ಮುದುಕ ಚೀರಿಕೊಂಡ, ರಕ್ತ ಬಂತು. ನಮ್ಮ ಸರ್ಜನ್ನರು ಓಡಿಬಂದು ಸರಿಪಡಿಸಿದರು. ಎಲ್ಲರೂ ಅವರನ್ನು ರಾಯರು ಎನ್ನುತ್ತಿದ್ದೆವು. ಕುಳ್ಳಗಿನ ಮನುಷ್ಯ, ಬಾಯಿ ಜೋರು. ಆದರೆ ಅವತ್ತು ಬೈಯಲಿಲ್ಲ. ನನ್ನನ್ನು ಆ ಮುದುಕನ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂಡಿಸಿ, "ಈತನ ಮೂತ್ರ ತಿಳಿ ಆಗೂತನಕ ಇಲ್ಲಿಂದ ಏಳಬ್ಯಾಡ" ಎಂದರು. ಎರಡು ದಿನ ಹಗಲು ಡ್ಯೂಟಿ ಪೂರ್ತಿ ಅಲ್ಲೇ ಕೂತೆ. ಕೆಂಪು ಹೋಗಿ ಗುಲಾಬಿಯಾಗಿ, ಗುಲಾಬಿ ಹೋಗಿ ತಿಳಿಯಾಗುವುದನ್ನು ಸೀಸೆಯಲ್ಲಿ ನೋಡುತ್ತ ಕೂತೆ. ಮುದುಕ ನನಗೆ ತನ್ನ ಪಾಲಿನ ಬ್ರೆಡ್ ಕೊಟ್ಟ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಅದೇ ರಾಯರು ಕಲಿಸಿದ ಇನ್ನೊಂದು ಪಾಠವೆಂದರೆ ಕೈ. "ಯಲ್ಲಪ್ಪಾ, ಇವರ ಬಾಯಿ ನಂಬಬ್ಯಾಡ. ಮದಲ ಹೊಟ್ಟಿ ಮ್ಯಾಲೆ ಕೈ ಇಡು, ಆಮ್ಯಾಲೆ ಮಾತು ಕೇಳು" ಎನ್ನುತ್ತಿದ್ದರು. ಹೊಕ್ಕುಳ ಕೆಳಗೆ ಅಂಗೈ ಇಟ್ಟು ಮೆಲ್ಲಗೆ ಒತ್ತಿದರೆ ತುಂಬಿದ ಮೂತ್ರಚೀಲ ಕೈಗೆ ಹತ್ತುತ್ತದೆ, ಬೆರಳಿನಿಂದ ತಟ್ಟಿದರೆ ಸದ್ದೇ ಬೇರೆ. ಆಗ ಸ್ಕ್ಯಾನಿಂಗ್ ಯಂತ್ರ ಎಲ್ಲ ಕಡೆ ಇರಲಿಲ್ಲ. ಈಗ ಏಕಿಗೆ ಹೋಗಿ ಬಂದ ಮೇಲೆ ಎಷ್ಟು ಉಳಿದಿದೆ ಎಂಬುದನ್ನು ಯಂತ್ರವೇ ಹೇಳುತ್ತದೆ. ಹೇಳಲಿ. ಆದರೂ ಕೈ ಇಡಿ. ಇದನ್ನು ಇಷ್ಟು ಒತ್ತಿ ಏಕೆ ಹೇಳುತ್ತಿದ್ದೇನೆಂದು ಮುಂದೆ ತಿಳಿಯುತ್ತದೆ.

ಶಿರಗುಪ್ಪಿಯ ಫಕ್ಕೀರಪ್ಪನನ್ನು ನಾನು ಮರೆಯಲಾರೆ. ಟೆಂಪೋದಲ್ಲಿ ನಿಂತುಕೊಂಡೇ ಬಂದಿದ್ದ; ಕೂರಲು ಆಗುತ್ತಿರಲಿಲ್ಲ. ಮೈಯೆಲ್ಲ ಬೆವರು. "ಡಾಕ್ಟ್ರ, ನಿನ್ನೆ ಸಂಜಿಯಿಂದ ಒಂದ ಹನಿ ಬಂದಿಲ್ರಿ. ಹೊಟ್ಟಿ ಕೊಯ್ದರ ಕೊಯ್ರಿ, ಕೊಂದರ ಕೊಲ್ರಿ" ಎಂದು ಗೋಡೆ ಹಿಡಿದುಕೊಂಡು ಅಳುತ್ತಿದ್ದ. ಕೇಳಿದರೆ ನೆಗಡಿಯಾಗಿತ್ತಂತೆ, ಅಂಗಡಿಯಿಂದ ನೆಗಡಿ ಗುಳಿಗೆ ತರಿಸಿ ನುಂಗಿದ್ದನಂತೆ. ಪ್ರಾಸ್ಟೇಟ್ ಬೆಳೆದವರಿಗೆ ಕೆಲವು ನೆಗಡಿ ಗುಳಿಗೆಗಳು ಹೀಗೆ ಒಮ್ಮೆಲೇ ಮೂತ್ರ ಕಟ್ಟಿಸಿಬಿಡುತ್ತವೆ. ನಳಿ ಹಾಕಿದೆ. ಬೇಸಿನ್ನಿಗೆ ಮೂತ್ರ ಬೀಳುತ್ತಿದ್ದಂತೆ ಆತನ ಮುಖ ಸಡಿಲಾದದ್ದು ಈಗಲೂ ಕಣ್ಣ ಮುಂದಿದೆ. "ಯಪ್ಪಾ, ನನ್ನ ಹಡದ ತಾಯಿ ನೀನ" ಎಂದು ನನ್ನ ಕೈ ಹಿಡಿದುಕೊಂಡ. ನಮ್ಮದು ಊರ ಹೊರಗಿನ ಕೇರಿಯ ಮನೆ, ಬುದ್ಧನ ಪಟದ ಮುಂದೆ ಕೈಮುಗಿಯುವ ಮಂದಿ. ಆತನ ಹಳ್ಳಿಯಲ್ಲಾದರೆ ಆತ ನನ್ನ ಕೈಯ ನೀರು ಕುಡಿಯುತ್ತಿದ್ದನೋ ಇಲ್ಲವೋ. ಇಲ್ಲಿ ತಾಯಿ ಎಂದ. ನಮ್ಮ ವಾರ್ಡಿನ ಕೆಲಸದಲ್ಲಿ ಇಂಥ ಸುಖವೂ ಇದೆ, ಅದನ್ನೂ ಹೇಳಬೇಕಲ್ಲ.

ಫಕ್ಕೀರಪ್ಪನನ್ನು ಉಳಿಸಿದ್ದು ಅವನ ನೋವು. ಒಮ್ಮೆಲೇ ಕಟ್ಟಿದರೆ ಪ್ರಾಣ ಹೋಗುವಷ್ಟು ನೋವಾಗುತ್ತದೆ, ಮನುಷ್ಯ ಓಡಿ ಬರುತ್ತಾನೆ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಉಳಿಯುತ್ತ ಬಂದರೆ ಮೂತ್ರಚೀಲ ಹಿಗ್ಗುತ್ತ ಹೋಗುತ್ತದೆ, ನೋವೇ ಇರುವುದಿಲ್ಲ. ಪೂರ್ತಿ ತುಂಬಿದ ಮೇಲೆ ಹೆಚ್ಚಾದದ್ದು ತಾನೇ ಹೊರಗೆ ಸೋರುತ್ತದೆ. ಆಗ ನೀವು ಕೇಳಿದರೆ ಆತ ಸುಳ್ಳು ಹೇಳದೆಯೇ "ಹೋಗತೈತ್ರಿ" ಎನ್ನುತ್ತಾನೆ. ಒಳಗೆ ಮೂತ್ರ ಹಿಂದಕ್ಕೆ ಒತ್ತಿ ಎರಡೂ ಕಿಡ್ನಿಗಳು ಹಾಳಾಗುತ್ತಿರುತ್ತವೆ.

ಚಿಕಿತ್ಸೆಯ ರೀತಿ ನನ್ನ ಕಣ್ಣೆದುರಿಗೇ ಬದಲಾಯಿತು. ನಾನು ಸೇರಿದಾಗ ಹೊಟ್ಟೆ ಕೊಯ್ದು ಗಡ್ಡೆ ತೆಗೆಯುತ್ತಿದ್ದರು. ಕೆಂಪು ರಬ್ಬರ್ ನಳಿಗಳನ್ನು ಕುದಿಸಿ ಕುದಿಸಿ ಬಳಸುತ್ತಿದ್ದೆವು, ಮಂಚದ ಕೆಳಗೆ ಗಾಜಿನ ಸೀಸೆ ಇಡುತ್ತಿದ್ದೆವು. ಆಮೇಲೆ ಮೂತ್ರದ ದಾರಿಯಿಂದಲೇ ದುರ್ಬೀನು ತೂರಿಸಿ ಗಡ್ಡೆಯನ್ನು ಕೆರೆದು ತೆಗೆಯುವುದು ಬಂತು, ಈಗ ಲೇಸರ್ ಬಂದಿದೆ. ಎಷ್ಟೋ ಮಂದಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗುವುದಿಲ್ಲ. ಒಂದು ಜಾತಿಯ ಗುಳಿಗೆ ದಾರಿ ಸಡಿಲ ಮಾಡುತ್ತದೆ. ನುಂಗಿದವರಿಗೆ ಫಕ್ಕನೆ ಎದ್ದರೆ ತಲೆ ತಿರುಗುತ್ತದೆ, ಅದನ್ನು ಹೇಳದೆ ಕಳಿಸಬೇಡಿ. ಇನ್ನೊಂದು ಜಾತಿ ಗಡ್ಡೆಯನ್ನೇ ಕುಗ್ಗಿಸುತ್ತದೆ, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ತಾಳ್ಮೆ ಬೇಕು. ಯಾರಿಗೆ ಯಾವುದೆಂದು ಡಾಕ್ಟರು ನೋಡಿಕೊಳ್ಳುತ್ತಾರೆ. ಆದರೆ ಕೇಳಲು ನಾಚುವುದನ್ನೆಲ್ಲ ರೋಗಿಗಳು ನಿಮ್ಮ ಹತ್ತಿರವೇ ಕೇಳುವುದು.

ಅಮರಗೋಳದ ಹತ್ತಿ ವ್ಯಾಪಾರಿಯೊಬ್ಬರು ಶಸ್ತ್ರಚಿಕಿತ್ಸೆಯ ಹಿಂದಿನ ದಿನ ನನ್ನನ್ನು ಬಾಗಿಲ ಹಿಂದಕ್ಕೆ ಕರೆದು, "ಬ್ರದರ್, ಇದನ್ನ ಮಾಡಿಸಿಕೊಂಡ್ರ ಗಂಡಸ್ತನ ಹೋಗತೈತೇನ್ರಿ?" ಎಂದು ಕೇಳಿದರು. ಅರವತ್ತೆಂಟು ವರ್ಷ ಅವರಿಗೆ.

"ಸಾಮಾನ್ಯವಾಗಿ ಹೋಗಂಗಿಲ್ರಿ ಸಾವಕಾರ್ರ. ಆದ್ರ ವೀರ್ಯ ಹೊರಗ ಬರೂ ಬದ್ಲಿ ಒಳಗ ಮೂತ್ರಚೀಲಕ್ಕ ಹೋಗತೈತಿ. ಅದರಿಂದ ಜೀವಕ್ಕ ಏನೂ ತ್ರಾಸಿಲ್ಲ" ಎಂದೆ.

"ಅಷ್ಟ ಹೌದಲ್ಲ?" ಎಂದು ನಕ್ಕರು. ಮನೆಯಲ್ಲಿ ಹರ್ನಿಯಾ ಎಂದು ಹೇಳಿ ಬಂದಿದ್ದರಂತೆ. ನಳಿ ತೆಗೆದ ದಿನ ಮೊದಲ ಸಲ ಜೋರಾಗಿ ಧಾರೆ ಬಿಟ್ಟು ಬಂದವರು ಮಂಚದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ಖುಷಿಗೆ ಎಂದುಕೊಂಡೆ. ಅಲ್ಲ. ಹಿಂದಿನ ವರ್ಷ ವಿಜಯಪುರದಲ್ಲಿ ಅವರ ಅಕ್ಕ ಸಾಯುವ ಹಾಸಿಗೆಯಲ್ಲಿದ್ದಾಗ ಕರೆ ಬಂದಿತ್ತು. ಅರ್ಧ ತಾಸಿಗೊಮ್ಮೆ ಗಾಡಿ ನಿಲ್ಲಿಸಿ ಅಳಿಯಂದಿರ ಎದುರು ರಸ್ತೆ ಬದಿಗೆ ಹೋಗಬೇಕಲ್ಲ ಎಂಬ ನಾಚಿಕೆಗೆ, ಮೈ ಹುಷಾರಿಲ್ಲ ಎಂದು ಹೇಳಿ ಹೋಗದೆ ಉಳಿದಿದ್ದರು. "ಇಷ್ಟ ಸರಳ ಇತ್ತಲ್ರಿ ಇದು. ಮದಲ ಬಂದಿದ್ರ ಅಕ್ಕನ ಮಾರಿ ನೋಡತಿದ್ನಿ" ಎಂದರು.

ಇನ್ನು ಮಾಸ್ತರರು.

ಗುರುಪಾದಪ್ಪ ಮಾಸ್ತರು ಹೆಬ್ಬಳ್ಳಿಯ ಶಾಲೆಯಲ್ಲಿ ನನಗೆ ಕನ್ನಡ ಕಲಿಸಿದವರು. ಬಲಗೈ ಹಿಡಿದು ಪಾಟಿಯ ಮೇಲೆ ಅಕ್ಷರ ತಿದ್ದಿಸಿದವರು. ನಮ್ಮ ಕೇರಿಯ ಹುಡುಗರ ಪಾಟಿಗೆ ದೂರದಿಂದಲೇ ಕೋಲು ತೋರಿಸಿ ತಪ್ಪು ಹೇಳುವ ಮಾಸ್ತರರು ಆಗ ಇದ್ದರು. ಇವರು ನಮ್ಮ ಹಿಂದೆ ಕೂತು, ಕೈಯ ಮೇಲೆ ಕೈ ಇಟ್ಟು ಬರೆಸುತ್ತಿದ್ದರು. ಅವರದು ಲಿಂಗವಂತರ ಮನೆ, ನಮ್ಮ ಕೈ ಮುಟ್ಟಿದ್ದಕ್ಕೆ ಊರಲ್ಲಿ ಮಾತು ಕೇಳಿದರು, ಬಿಡಲಿಲ್ಲ. ವ್ಯಾಕರಣ ಅವರ ಪ್ರಾಣ. "ವಾಕ್ಯದಾಗ ಮದಲ ಕರ್ತೃ ಹುಡುಕ್ರಿ. ಕೆಲಸ ಮಾಡಾಂವ ಯಾರು ಅಂತ ಗೊತ್ತಾಗಲಿಲ್ಲ ಅಂದ್ರ ವಾಕ್ಯ ಗೊತ್ತಾಗಲಿಲ್ಲ" ಎನ್ನುತ್ತಿದ್ದರು. ಶಾಲೆ ಬಿಟ್ಟು ಹೊರಡುವಾಗ ಯಾವನಾದರೂ "ಹೋಗತೇನ್ರಿ ಸರ್" ಎಂದರೆ ಕಿವಿ ಹಿಂಡಿ, "ಹೋಗತೇನಿ ಅನ್ನಬಾರದಲೇ, ಬರತೇನಿ ಅನ್ನಬೇಕು" ಎಂದು ತಿದ್ದುತ್ತಿದ್ದರು. ನರ್ಸಿಂಗ್ ಅರ್ಜಿ ತುಂಬಿಸಿ, ಧಾರವಾಡಕ್ಕೆ ಸೈಕಲ್ ಮೇಲೆ ಕರೆದೊಯ್ದು ಕೊಟ್ಟು ಬಂದವರೂ ಅವರೇ.

ನನ್ನ ನಿವೃತ್ತಿಗೆ ಎಂಟು ವರ್ಷ ಇತ್ತು. ಒಂದು ಸೋಮವಾರ ಹೊರರೋಗಿ ವಿಭಾಗದ ಸಾಲಿನಲ್ಲಿ ಮಾಸ್ತರು ನಿಂತಿದ್ದನ್ನು ಕಂಡೆ. ಎಪ್ಪತ್ತಾರು ವರ್ಷ ಆಗಿತ್ತು ಅವರಿಗೆ. ಶುಭ್ರ ಧೋತರ, ಮುಂದೆ ಎರಡೂ ಕೈಯಲ್ಲಿ ಹಿಡಿದ ಬಟ್ಟೆಯ ಚೀಲ. ಜೊತೆಗೆ ಮಗಳು ಗಿರಿಜಾ. ಅಮರಗೋಳದಲ್ಲಿ ಆಕೆಯ ಮನೆಯಲ್ಲೇ ಇದ್ದರು. ಅವರ ಮುಂದೆ ನಲವತ್ತು ಮಂದಿ. ನನ್ನ ಮಾಸ್ತರು ಸಾಲಿನಲ್ಲಿ ನಿಲ್ಲುವುದೇ? ಕೈಹಿಡಿದು ಕರೆತಂದು ನನ್ನ ಕುರ್ಚಿಯಲ್ಲಿ ಕೂಡಿಸಿದೆ. ಚಹಾ ತರಿಸಿದೆ, ಬೇಡ ಎಂದರು. ನಾನು ನಿಂತೇ ಇದ್ದೆ.

"ಏನ್ ತ್ರಾಸ್ರಿ ಮಾಸ್ತರ?"

"ಏನಿಲ್ಲೋ ಯಲ್ಲಪ್ಪಾ. ಬಾಯಿ ರುಚಿ ಹೋಗೇತಿ, ಅಶಕ್ತತನ. ಉಷ್ಣ ಆಗೇತಿ ಅನಸತೈತಿ."

"ಏಕಿ ಸರಿ ಆಗತೈತೇನ್ರಿ?"

ಮಗಳ ಕಡೆ ಒಮ್ಮೆ ನೋಡಿ, ಚೀಲವನ್ನು ತೊಡೆಯ ಮೇಲೆ ಇನ್ನಷ್ಟು ಎಳೆದುಕೊಂಡರು. "ಹೋಗತೈತಿ ಬಿಡೋ" ಎಂದರು.

ಗಿರಿಜಾ ಅಷ್ಟರಲ್ಲಿ, "ಈಗೀಗ ದಿನಾ ಮೂರ ನಾಕ ಧೋತರ ಆಗತಾವ್ರಿ ಅಣ್ಣಾರ" ಎಂದಳು. ಮಾಸ್ತರು, "ಏ, ಸುಮ್ಕಿರವಾ" ಎಂದು ಗದರಿದರು.

ಹೊಸ ಮಕ್ಕಳೇ, ಇಷ್ಟು ಓದಿದ ನಿಮಗೇ ಈಗ ಎಲ್ಲವೂ ಕಾಣಿಸಿರಬೇಕು. ನನಗೆ ಇಪ್ಪತ್ತಾರು ವರ್ಷದ ಸರ್ವಿಸ್ ಆಗಿತ್ತು, ಕಾಣಿಸಲಿಲ್ಲ ಎಂದರೆ ನಂಬಬೇಡಿ. ಒಳಗೆ ಎಲ್ಲೋ ತಿಳಿದಿತ್ತು. ಬೇರೆ ಯಾರೇ ಆಗಿದ್ದರೂ ಮಾತು ಕೇಳುವ ಮೊದಲೇ "ಮಕ್ಕೋರಿ, ಪಂಚೆ ಸಡ್ಲ ಮಾಡ್ರಿ" ಎಂದು ಹೊಟ್ಟೆಯ ಮೇಲೆ ಕೈ ಇಡುತ್ತಿದ್ದೆ. ನನ್ನ ಮಾಸ್ತರಿಗೆ ಧೋತರ ಸಡಿಲ ಮಾಡಿ ಎಂದು ಹೇಗೆ ಹೇಳಲಿ? ಬಾಯಿ ಬರಲಿಲ್ಲ. ಡಾಕ್ಟರ ಹತ್ತಿರ ಕರೆದೊಯ್ದರೆ ಅವರು ಹಿಂದಿನಿಂದ ಬೆರಳು ಹಾಕಿ ಪರೀಕ್ಷೆ ಮಾಡುತ್ತಾರೆ, ಆ ಅಪಮಾನ ಇವರಿಗೆ ಬೇಡ ಎನ್ನಿಸಿತು. ಉರಿಮೂತ್ರಕ್ಕೆ ಕೊಡುವ ಒಂದು ಔಷಧಿಯ ಬಾಟಲಿ, ಶಕ್ತಿಗೆ ಗುಳಿಗೆ ಕೊಟ್ಟು, ನೀರು ಹೆಚ್ಚು ಕುಡಿಯಿರಿ ಎಂದು ಹೇಳಿ, ಗೇಟಿನವರೆಗೂ ಹೋಗಿ ಬಸ್ಸು ಹತ್ತಿಸಿದೆ. "ಬರತೇನಿ ತಮ್ಮಾ" ಎಂದರು. ದೊಡ್ಡ ಉಪಕಾರ ಮಾಡಿದ ಹೆಮ್ಮೆಯಿಂದ ತಿರುಗಿ ಬಂದೆ.

ಆ ನಲವತ್ತು ಮಂದಿಯ ಹಿಂದೆ ನಿಂತಿದ್ದರೆ ಮಧ್ಯಾಹ್ನದೊಳಗೆ ಯಾವನೋ ಹೊಸ ಡಾಕ್ಟರು ಅವರ ಹೊಟ್ಟೆ ಮುಟ್ಟಿ ನೋಡುತ್ತಿದ್ದ.

ಐದು ವಾರದ ಮೇಲೆ ಅವರನ್ನು ಸ್ಟ್ರೆಚರ್ ಮೇಲೆ ತಂದರು. ಕಾಲು ಬಾತಿದ್ದವು, ಉಸಿರು ಎಳೆಯುತ್ತಿತ್ತು, ಬಿಕ್ಕಳಿಕೆ ನಿಲ್ಲುತ್ತಿರಲಿಲ್ಲ, ನನ್ನ ಗುರುತು ಹತ್ತಲಿಲ್ಲ. ಅವತ್ತು ಕೈ ಇಟ್ಟೆ. ಮೂತ್ರಚೀಲ ಹೊಕ್ಕುಳು ದಾಟಿ ಮೇಲಕ್ಕೆ ಬಂದಿತ್ತು. ಒತ್ತಿದರೂ ಅವರಿಗೆ ನೋವಾಗಲಿಲ್ಲ. ನಳಿ ಹಾಕಿದೆ, ಎರಡು ಲೀಟರಿಗೂ ಹೆಚ್ಚು ಬಂತು. ರಕ್ತಪರೀಕ್ಷೆಯ ಚೀಟಿ ನೋಡಿ ರಾಯರು, "ಎರಡೂ ಕಿಡ್ನಿ ಹೋಗ್ಯಾವು. ಮದಲ ಎಲ್ಲೆರ ತೋರಿಸಿದ್ರೇನವಾ?" ಎಂದು ಗಿರಿಜಾಳನ್ನು ಕೇಳಿದರು.

"ಇಲ್ಲೇ ಬಂದಿದ್ವಿರಿ. ಯಲ್ಲಪ್ಪಣ್ಣಾರ ನೋಡಿ ಔಷಧ ಕೊಟ್ಟಿದ್ರು. ಅಪ್ಪನ್ನ ಸಾಲಿನ್ಯಾಗ ನಿಂದರಸಲಿಲ್ರಿ, ಭಾಳ ಉಪಕಾರ ಮಾಡಿದ್ರು" ಎಂದಳು ಆಕೆ. ಮನಸಾರೆ ಹೇಳಿದಳು.

ರಾಯರು ನನ್ನ ಕಡೆ ನೋಡಿದರು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಹೊರಗೆ ಹೋದರು. ನಾನು ಮೊದಲ ವರ್ಷ ಕೂತಿದ್ದ ಅದೇ ತರದ ಸ್ಟೂಲೊಂದನ್ನು ಎಳೆದುಕೊಂಡು ಮಾಸ್ತರ ಮಂಚದ ಪಕ್ಕ ಕೂತೆ. ಯಾರೂ ಕೂರು ಎಂದು ಹೇಳಲಿಲ್ಲ.

ಎಚ್ಚರವಾದರು, ಮಾತಾಡುವಂತಾದರು. ಆದರೆ ದಾರಿ ತೆರೆದರೂ ಕಿಡ್ನಿ ತಿರುಗಿ ಬರಲಿಲ್ಲ. ವಾರಕ್ಕೆರಡು ಸಲ, ಸೋಮವಾರ ಮತ್ತು ಗುರುವಾರ, ನಮ್ಮ ಆಸ್ಪತ್ರೆಯ ಕೆಳಮಹಡಿಯಲ್ಲಿ ಡಯಾಲಿಸಿಸ್. ನಾಲ್ಕು ತಾಸು ಯಂತ್ರಕ್ಕೆ ಕೈ ಕೊಟ್ಟು ಮಲಗಬೇಕು. ಒಂದು ಲೋಟ ನೀರು ಹೆಚ್ಚು ಕುಡಿಯುವಂತಿಲ್ಲ. ನೀರು ಹೆಚ್ಚು ಕುಡಿಯಿರಿ ಎಂದು ಕಳಿಸಿದವನು ನಾನು. ಆ ಎರಡೂ ದಿನ ನನ್ನ ಊಟದ ಹೊತ್ತಿನಲ್ಲಿ ಕೆಳಗಿಳಿದು ಅವರ ಹತ್ತಿರ ಕೂರುತ್ತಿದ್ದೆ. ಮೂರು ತಿಂಗಳು ಬಾಯಿ ಬಿಡಲಾಗಲಿಲ್ಲ. ಒಂದು ಗುರುವಾರ ಗಿರಿಜಾ ಚಹಾ ಕುಡಿಯಲು ಹೋದಾಗ ಹೇಳಿಬಿಟ್ಟೆ.

"ಮಾಸ್ತರ, ಅವತ್ತ ನಾ ನಿಮ್ಮ ಹೊಟ್ಟಿ ಮುಟ್ಟಿ ನೋಡಬೇಕಾಗಿತ್ತು. ನೋಡಿದ್ರ ನಿಮಗ ಹಿಂಗ ಆಗತಿರಲಿಲ್ಲ. ನಂದ ತಪ್ಪು."

ಅವರು ನನ್ನ ಕಡೆ ಹೊರಳಿ, "ನೀ ಏನ್ ಪ್ರಶ್ನೆ ಕೇಳಿದ್ದಿ?" ಎಂದರು.

"ಏಕಿ ಸರಿ ಆಗತೈತೇನ್ರಿ ಅಂತ."

"ನಾ ಏನ್ ಉತ್ತರ ಕೊಟ್ಟೆ?"

"ಹೋಗತೈತಿ ಅಂದ್ರಿ."

"ಕರ್ತೃ ಯಾರು?"

ನನಗೆ ಅರ್ಥವಾಗಲಿಲ್ಲ. ಐವತ್ತು ದಾಟಿದ ಮನುಷ್ಯ, ಪಾಟಿ ಹಿಡಿದವನ ಹಾಗೆ ಅವರ ಮುಖ ನೋಡಿದೆ.

"ನಾನು ಹೋಗತೇನಿ ಅಂದಿದ್ರ ಕರ್ತೃ ನಾನು. ಅದು ಹೋಗತೈತಿ ಅಂದೆ. ತಾನ ಹೋಗತಿತ್ತು, ನನ್ನ ಕೇಳತಿದ್ದಿಲ್ಲ. ಮಗಳ ಮುಂದ ನಾಚಿಕಿ ಬಂದು ಅಷ್ಟ ಹೇಳಿ ಸುಮ್ಮನಾದೆ. ನೀ ನನಗ ಮರ್ಯಾದಿ ಕೊಟ್ಟು ಸುಮ್ಮನಾದಿ. ಇಬ್ಬರೂ ವ್ಯಾಕರಣ ಮರತಿವಿ ನೋಡು" ಎಂದು ನಗಲು ನೋಡಿದರು. ನಾನು ಯಂತ್ರದ ಹಿಂದೆ ಹೋಗಿ ಮುಖ ಒರೆಸಿಕೊಂಡು ಬಂದೆ. "ಅಳಬ್ಯಾಡ. ನಿನ್ನ ಹುಡುಗರಿಗೆ ಕಲಸು" ಎಂದರು.

ಅವತ್ತಿನಿಂದ ನಮ್ಮ ವಾರ್ಡಿನಲ್ಲಿ ಪ್ರಶ್ನೆ ಬದಲಾಯಿತು. ಏಕಿ ಆಗುತ್ತದೆಯೇ ಎಂದು ಯಾರೂ ಕೇಳುವಂತಿಲ್ಲ. "ನೀವು ಹೋಗತೀರೋ, ಅದು ತಾನ ಹೋಗತೈತೋ?" ಎಂದು ಕೇಳಬೇಕು. ಎಷ್ಟು ಮುಚ್ಚಿಟ್ಟುಕೊಳ್ಳುವ ಅಜ್ಜನೂ ಈ ಪ್ರಶ್ನೆಗೆ ಒಂದು ಗಳಿಗೆ ತಡೆಯುತ್ತಾನೆ, ಆ ತಡೆದದ್ದರಲ್ಲೇ ನಿಮಗೆ ಉತ್ತರ ಸಿಗುತ್ತದೆ. ಮಗಳು ಸೊಸೆ ಇದ್ದರೆ ಅವರನ್ನು ಹೊರಗೆ ಕಳಿಸಿ ಕೇಳಿ. ನಿಮ್ಮ ಅಪ್ಪ ಬರಲಿ, ಗುರು ಬರಲಿ, ಮಂತ್ರಿ ಬರಲಿ, ಸಾಲಿನಲ್ಲೇ ಬರಲಿ, ಹೊಟ್ಟೆಯ ಮೇಲೆ ಕೈ ಇಡಿ. ಈ ಪ್ರಶ್ನೆಯಿಂದ ನಮ್ಮ ವಾರ್ಡಿನಲ್ಲಿ ಹೊತ್ತಿಗೆ ಸರಿಯಾಗಿ ಸಿಕ್ಕವರು ಎಷ್ಟೋ ಮಂದಿ. ಅದನ್ನು ಮಾಸ್ತರಿಗೆ ಹೋಗಿ ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡೇ "ಛಲೋ ಆತು" ಎನ್ನುತ್ತಿದ್ದರು.

ಹನ್ನೊಂದು ತಿಂಗಳು ಹೀಗೆ ನಡೆಯಿತು. ಅಷ್ಟರಲ್ಲಿ ಅವರಿಗೆ ಮೂತ್ರ ಬರುವುದೇ ನಿಂತಿತ್ತು. ಕೈಯೆಲ್ಲ ಸೂಜಿ ಚುಚ್ಚಿ ಕಪ್ಪಾಗಿತ್ತು, ಮೈ ಕಡ್ಡಿಯಾಗಿತ್ತು. ಪ್ರತಿ ಸಲ ಡಯಾಲಿಸಿಸ್ ಮುಗಿಸಿ ಆಟೋ ಹತ್ತುವಾಗ "ಬರತೇನಿ ತಮ್ಮಾ" ಎನ್ನುತ್ತಿದ್ದರು.

ಆಗಿನ ಒಂದು ಗುರುವಾರ ವಾರ್ಡಿನಲ್ಲಿ ಇಬ್ಬರು ಒಟ್ಟಿಗೆ ಶಸ್ತ್ರಚಿಕಿತ್ಸೆಯಾಗಿ ಬಂದಿದ್ದರು. ಮೂತ್ರಚೀಲ ತೊಳೆಯಲು ಬಿಟ್ಟ ನೀರು ಒಬ್ಬನಿಗೆ ಕಟ್ಟಿಕೊಂಡಿತ್ತು. ನಾನು ಊಟಕ್ಕೂ ಹೋಗಿರಲಿಲ್ಲ, ಕೆಳಗೆ ಇಳಿದಿರಲಿಲ್ಲ. ಮಧ್ಯಾಹ್ನದ ಮೇಲೆ ತಿರುಗಿ ನೋಡಿದರೆ ಮಾಸ್ತರು ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ಗಿರಿಜಾ ಆಟೋ ಕರೆಯಲು ಹೋಗಿದ್ದಳಂತೆ. ಅವರೊಬ್ಬರೇ ಲಿಫ್ಟ್ ಹತ್ತಿ ಬಂದಿದ್ದರು. ಹಾಗೆ ಅವರು ಹಿಂದೆ ಎಂದೂ ಮೇಲೆ ಬಂದವರಲ್ಲ. ಸಾಲಾಗಿ ಹಾಕಿದ ಮಂಚಗಳನ್ನೆಲ್ಲ ಒಮ್ಮೆ ನೋಡಿದರು. ನಾನು ಹತ್ತಿರ ಹೋದೆ. ನನ್ನ ಬಲಗೈ ಹಿಡಿದುಕೊಂಡರು. ಕೈಗವಸು ಹಾಗೇ ಇತ್ತು, ತೆಗೆಯಲೂ ಬಿಡಲಿಲ್ಲ.

"ಯಲ್ಲಪ್ಪಾ, ನಾ ಹೋಗತೇನಿ" ಎಂದರು.

ನನ್ನ ಜೀವವೆಲ್ಲ ಆ ಕಟ್ಟಿಕೊಂಡ ನಳಿಯ ಮೇಲಿತ್ತು. "ಹೂಂನ್ರಿ ಮಾಸ್ತರ, ಹೋಗಿ ಬರ್ರಿ. ಸೋಮವಾರ ಭೆಟ್ಟಿ ಆಗೂಣು" ಎಂದೆ. ಅವರು ಇನ್ನೂ ಸ್ವಲ್ಪ ಹೊತ್ತು ಕೈ ಹಿಡಿದುಕೊಂಡಿದ್ದು, ಆಮೇಲೆ ಬಿಟ್ಟರು.

ಸೋಮವಾರ ಊಟದ ಹೊತ್ತಿಗೆ ಕೆಳಗೆ ಹೋದರೆ ಅವರ ಹಾಸಿಗೆಯಲ್ಲಿ ಬೇರೆಯವರು ಮಲಗಿದ್ದರು. ಗಿರಿಜಾಗೆ ಫೋನು ಮಾಡಿದೆ.

"ಅಪ್ಪ ಇನ್ನ ಬರಂಗಿಲ್ಲ ಅಂದಾರ್ರಿ ಅಣ್ಣಾರ. ಯಂತ್ರ ಸಾಕು ಅಂತ ಡಾಕ್ಟರಗೂ ಹೇಳಿ ಬಂದಾರಂತ. ಎಷ್ಟ ಹೇಳಿದ್ರೂ ಕೇಳವಲ್ರು. ನಿಮ್ಮನ್ನರ ಕರಸೂಣು ಅಂದೆ. ಯಲ್ಲಪ್ಪಗ ಗುರುವಾರನ ಹೇಳೇನಿ, ಅಂವಗ ತಿಳದೈತಿ ಅಂತಾರ. ಹೇಳಿದ್ರೇನ್ರಿ ನಿಮಗ?"

ಗುರುವಾರ ಬಾಗಿಲಲ್ಲಿ ಅವರು 'ಬರತೇನಿ' ಅಂದಿರಲಿಲ್ಲ ಎಂಬುದು ಆಗ ಕಿವಿಗೆ ಬಿತ್ತು. "ಹೌದವಾ, ಹೇಳಿದ್ರು" ಎಂದೆ.

ಆಮೇಲೆ ಅವರು ಎಂಟು ದಿನ ಇದ್ದರು. ರಜೆ ಹಾಕಿ ಎಂಟೂ ದಿನ ಅಮರಗೋಳಕ್ಕೆ ಹೋಗಿ ಪಕ್ಕದಲ್ಲಿ ಕೂತೆ. ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತಿದ್ದರು, ಮಾತಾಡಲಿಲ್ಲ. ಬಂದವರಿಗೆಲ್ಲ ಗಿರಿಜಾ ನನ್ನನ್ನು ತೋರಿಸಿ, "ಅಪ್ಪ ಯಾರಿಗೂ ಹೇಳಲಿಲ್ಲ, ಇವರಿಗೊಬ್ಬರಿಗೆ ಹೇಳಿದ್ರು, ಇವರಿಗೆ ತಿಳದಿತ್ತು" ಎನ್ನುತ್ತಿದ್ದಳು. ಈಗಲೂ ಹಾಗೆಯೇ ಹೇಳುತ್ತಾಳೆ. ತಿಳಿದಿರಲಿಲ್ಲ ಎಂದು ನಾನು ಅವಳಿಗೆ ಇನ್ನೂ ಹೇಳಿಲ್ಲ.